ಹೆಡ್‌ಲೈಟ್ ಹಾಕಿದರೆ ಏರುತ್ತಿದ್ದ ಟೆಂಪರೇಚರ್ ಮುಳ್ಳು
ನಮ್ಮ ಹಳೆಯ ಡೀಸೆಲ್ ಜೀಪಿನ ಟೆಂಪರೇಚರ್ ಮುಳ್ಳು ಸುಮ್ನೆ ಏರಿಳಿಯುತ್ತಿತ್ತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆ, ಕೂಲೆಂಟ್ ಸರಿಯಾಗಿತ್ತು. (ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.) ಥರ್ಮೋಸ್ಟಾಟ್ (ಕೂಲೆಂಟ್ ಹರಿವನ್ನು ಹಿಡಿತದಲ್ಲಿಡುವ ವಾಲ್ವ್) ಬದಲಿಸಿ ಅಂದರು ಕೆಲವರು. ಆದರೆ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಏರುತ್ತಿತ್ತು, ಆರಿಸಿದರೆ ಇಳಿಯುತ್ತಿತ್ತು. ಅಷ್ಟೂ ನೀರು ಒಂದೇ ಕ್ಷಣದಲ್ಲಿ ಬಿಸಿಯಾಗಲು ಸಾಧ್ಯವಿಲ್ಲ ಅಲ್ವಾ? ಹಾಗಾಗಿ ವೈರಿಂಗ್ ಕಡೆ ತಿರುಗಿದೆ.

ಮುಳ್ಳಿಗೆ ಬಿಸಿ ಎಷ್ಟೆಂದು ತಿಳಿಸುವ, ಎಂಜಿನ್ ಮೇಲಿನ ಸೆನ್ಸರ್‌ಗೆ ಒಂದೇ ವೈರ್. ಅದರ ಅರ್ಥಿಂಗ್, ಅಂದರೆ ಕರೆಂಟ್ ಮರಳುವ ದಾರಿ, ಎಂಜಿನ್ ಬ್ಲಾಕ್ ಮೂಲಕವೇ ಹೋಗಬೇಕು. ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿ, ಬ್ಯಾಟರಿಯ ನೆಗೆಟಿವ್‌ಗೂ ಬ್ಲಾಕ್‌ಗೂ ಮಲ್ಟಿಮೀಟರ್ ಹಿಡಿದೆ. 0.2 ವೋಲ್ಟ್ ಒಳಗಿರಬೇಕಾದದ್ದು ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿತು. ಅಂದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ; ಲೈಟಿನ ಕರೆಂಟ್ ಹರಿದಾಗ ಅದರಿಂದಲೇ ಮುಳ್ಳು ತಪ್ಪು ತೋರಿಸುತ್ತಿದೆ. ಎಂಜಿನ್‌ನಿಂದ ಚಾಸಿಸ್‌ಗೆ ಹೋಗುವ ಅರ್ಥಿಂಗ್ ಪಟ್ಟಿಯ ಬೋಲ್ಟ್ ಕೆಳಗೆ ಬರೀ ತುಕ್ಕು. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಎರಡೂ ತುದಿ ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ಪಟ್ಟಿ ಬಿಗಿದೆ. ಈಗ ಲೈಟ್ ಹಾಕಿದರೂ ಮುಳ್ಳು ಕದಲುವುದಿಲ್ಲ.

ನಿಮ್ಮ ಗಾಡಿಯಲ್ಲಿ ಮುಳ್ಳು ಘಾಟಿ ಹತ್ತುವಾಗ ನಿಧಾನವಾಗಿ ಏರುತ್ತಿದ್ದರೆ ಅದು ನಿಜವಾದ ಬಿಸಿ. ಆಗ ಗಾಡಿ ನಿಲ್ಲಿಸಿ. ತಣ್ಣಗಾದ ಮೇಲೆ ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್, ರೇಡಿಯೇಟರ್ ನೋಡಿಸಿ.