ವಿಭಾಗದ ವೆಬ್‌ಸೈಟ್ ಮತ್ತು ತುಂಡಾದ ಒತ್ತಕ್ಷರ: ನನ್ನ ಅನುಭವ

ರೋಣದ ಹತ್ತಿರದ ಹಳ್ಳಿಯ ಒಬ್ಬ ಹುಡುಗಿ ನಸುಕಿನಲ್ಲೇ ಮನೆ ಬಿಟ್ಟು, ಗದಗಿನಲ್ಲಿ ಬಸ್ ಬದಲಿಸಿ, ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹಿಡಿದು ಧಾರವಾಡದ ನಮ್ಮ ವಿಭಾಗಕ್ಕೆ ಬಂದಿದ್ದಳು. ಎಂ.ಎ. ಅರ್ಜಿಗೆ ಅವತ್ತೇ ಕೊನೆಯ ದಿನ ಎಂದು ನಮ್ಮ ವೆಬ್‌ಸೈಟ್‌ನಲ್ಲಿ ಓದಿದ್ದಳು. ಅದು ಹಿಂದಿನ ವರ್ಷದ ದಿನಾಂಕ. ಅವಳು ಬಂದ ವರ್ಷದ ಗಡುವು ಮುಗಿದು ನಾಲ್ಕು ದಿನ ಆಗಿತ್ತು. "ಸರ್, ವೆಬ್‌ಸೈಟ್‌ನ್ಯಾಗ ಹಿಂಗ ಐತಲ್ರಿ" ಎಂದು ಮೊಬೈಲ್ ಮುಂದೆ ಹಿಡಿದಳು. ದಂಡ ಕಟ್ಟಿ ಅರ್ಜಿ ಹಾಕಲು ಅವಕಾಶ ಇತ್ತು, ಹಾಕಿದಳು. ಆದರೆ ತಪ್ಪು ನಮ್ಮದು, ದಂಡ ಅವಳದು. ಅವತ್ತೇ ಮುಖ್ಯಸ್ಥರ ಕೋಣೆಗೆ ಹೋಗಿ, ಇನ್ನು ಮೇಲೆ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ ಎಂದೆ.

ನಾನು ಕಂಪ್ಯೂಟರ್ ಓದಿದವನಲ್ಲ, ಕನ್ನಡದಲ್ಲಿ ಪಾಠ ಮಾಡುವವನು. ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದವರು ಎಲ್ಲ ವಿಭಾಗಗಳಿಗೂ ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಒಂದೇ ಟೆಂಪ್ಲೇಟ್ ಕೊಟ್ಟಿದ್ದರು. ಮೇಲಿನ ಪಟ್ಟಿ, ಲಾಂಛನ, ಮೆನು, ಬಣ್ಣ, ಕೆಳಗಿನ ವಿಳಾಸ ಎಲ್ಲ ಅವರದೇ. ನಾವು ತುಂಬಬೇಕಾದದ್ದು ಆರು ಪುಟ: ವಿಭಾಗದ ಪರಿಚಯ, ಅಧ್ಯಾಪಕರು, ಕೋರ್ಸುಗಳು, ಸಂಶೋಧನೆ, ಸೂಚನೆಗಳು, ಸಂಪರ್ಕ. ಮೊದಲು ಇದು ನನಗೆ ಕೈ ಕಟ್ಟಿಹಾಕಿದ ಹಾಗೆ ಅನಿಸಿತು. ನಮ್ಮ ವಿಭಾಗ ಬೇರೆ ತರಹ ಕಾಣಬೇಕು ಎಂಬ ಆಸೆ ಇತ್ತು. ಹೇಗೋ ಪೂರ್ತಿ ಅಧಿಕಾರದ ಲಾಗಿನ್ ಸಿಕ್ಕಿತ್ತು. ಟೆಂಪ್ಲೇಟಿನ ಸ್ಟೈಲ್ ಫೈಲನ್ನೇ ತೆರೆದು ಬಣ್ಣ ಬದಲಿಸಿದೆ, ಅಂಚು ಹಾಕಿದೆ, ಬ್ಯಾನರ್ ದೊಡ್ಡದು ಮಾಡಿದೆ. ಮೂರು ವಾರದ ನಂತರ ಟೆಂಪ್ಲೇಟಿನ ಅಪ್‌ಡೇಟ್ ಬಂತು. ಹೊಸ ಫೈಲು ಹಳೆಯದರ ಮೇಲೆ ಕೂತಿತು. ನನ್ನ ಕೆಲಸ ಒಂದು ಗೆರೆಯೂ ಉಳಿಯಲಿಲ್ಲ.

ಆಗ ಕೇಂದ್ರದ ಒಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದರು. ಟೆಂಪ್ಲೇಟಿನ ಮೂಲ ಫೈಲು ಮುಟ್ಟಬಾರದು. ಬದಲಾವಣೆ ಬೇಕೇ ಬೇಕು ಅಂದರೆ ಎರಡು ದಾರಿ. ಒಂದು, ಚೈಲ್ಡ್ ಥೀಮ್ (ಟೆಂಪ್ಲೇಟಿಗೆ ಅಲ್ಲಿ ಥೀಮ್ ಎಂಬ ಹೆಸರು): ಮೂಲದ ಮೇಲೆ ಹೊದಿಸುವ ಬೇರೆ ಪದರ. ಇನ್ನೊಂದು, ವರ್ಡ್‌ಪ್ರೆಸ್‌ನೊಳಗೇ ಇರುವ 'ಹೆಚ್ಚುವರಿ ಸಿಎಸ್ಎಸ್' ಪೆಟ್ಟಿಗೆ (ಸಿಎಸ್ಎಸ್ ಅಂದರೆ ಪುಟ ಹೇಗೆ ಕಾಣಬೇಕು ಎಂದು ಹೇಳುವ ಸಾಲುಗಳು). ಅಲ್ಲಿ ಬರೆದದ್ದು ಡೇಟಾಬೇಸ್‌ನಲ್ಲಿ ಉಳಿಯುತ್ತದೆ, ಥೀಮ್ ಅಪ್‌ಡೇಟ್ ಆದರೂ ಹೋಗುವುದಿಲ್ಲ. ನನಗೆ ಎರಡನೆಯದೇ ಸಾಕಾಯಿತು. ಬಣ್ಣದ ಆಸೆಯನ್ನೂ ಬಿಟ್ಟೆ. ಓದುವ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕು ಎಂಬುದು ವೆಬ್‌ನ ಸುಗಮ್ಯತೆಯ, ಅಂದರೆ ಎಲ್ಲರಿಗೂ ಬಳಸಲು ಬರಬೇಕು ಎಂಬುದರ, ನಿಯಮ. ಟೆಂಪ್ಲೇಟ್ ಮಾಡಿದವರು ಅದನ್ನು ಲೆಕ್ಕ ಹಾಕಿಯೇ ಬಣ್ಣ ಆರಿಸಿದ್ದರು. ನಾನು ಹಾಕಿದ್ದ ತಿಳಿ ಹಳದಿ ಲಿಂಕು ಬಿಸಿಲಲ್ಲಿ ಮೊಬೈಲ್ ಹಿಡಿದವರಿಗೆ ಕಾಣುತ್ತಲೇ ಇರಲಿಲ್ಲ.

ಆ ಪೆಟ್ಟಿಗೆಯಲ್ಲಿ ನಾನು ಈಗ ಇಟ್ಟುಕೊಂಡಿರುವುದು ಕೆಲವೇ ಸಾಲು. ಎಲ್ಲವೂ ಕನ್ನಡಕ್ಕಾಗಿ.

ಯಾಕೆ ಅಂದರೆ ಈ ಟೆಂಪ್ಲೇಟುಗಳೆಲ್ಲ ಇಂಗ್ಲಿಷ್ ಅಕ್ಷರ ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದವು. ಇಂಗ್ಲಿಷ್ ಅಕ್ಷರ ಒಂದು ಗೆರೆಯ ಮೇಲೆ ನಿಲ್ಲುತ್ತದೆ. ನಮ್ಮದು ಹಾಗಲ್ಲ ಅಲ್ವಾ? ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ಶೀರ್ಷಿಕೆಗೆ ಟೆಂಪ್ಲೇಟ್ ಕೊಟ್ಟಿದ್ದ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು. ಅದರ ಜೊತೆಗೆ ಪೆಟ್ಟಿಗೆಯ ಎತ್ತರವೂ ನಿಗದಿ. 'ಸ್ನಾತಕೋತ್ತರ' ಎಂದು ಬರೆದರೆ ಒತ್ತುಗಳು ಅರ್ಧಕ್ಕೆ ಕತ್ತರಿಸಿದ ಹಾಗೆ ಕಾಣುತ್ತಿದ್ದವು. "ಸರ್, ಕೆಳಗಿನ ಅಕ್ಷರ ಅರ್ಧಾನ ಕಾಣಸ್ತಾವ್ರಿ" ಎಂದು ಮೊದಲು ಹೇಳಿದವನು ಸವಣೂರು ಕಡೆಯ ಒಬ್ಬ ವಿದ್ಯಾರ್ಥಿ. ಸಾಲಿನ ಎತ್ತರವನ್ನು 1.7 ಮಾಡಿದೆ, ಪೆಟ್ಟಿಗೆಯ ನಿಗದಿ ಎತ್ತರ ತೆಗೆದೆ. ಸರಿಹೋಯಿತು. ಮೆನುವಿನಲ್ಲಿ ಅಕ್ಷರಗಳ ನಡುವೆ ಅಂತರ ಕೊಟ್ಟಿದ್ದರು. ಇಂಗ್ಲಿಷಿಗೆ ಅದು ಚೆಂದ, ಕನ್ನಡದಲ್ಲಿ ಪದ ಚದುರಿ ಹೋಗುತ್ತದೆ. ಅದನ್ನು ಸೊನ್ನೆ ಮಾಡಿದೆ. ಓರೆ ಅಕ್ಷರ ತೆಗೆದೆ. ಫಾಂಟ್ ನೋಟೊ ಸಾನ್ಸ್ ಕನ್ನಡ, ದಪ್ಪ ಅಕ್ಷರದ ಫೈಲು ಸಮೇತ. ದಪ್ಪದ ಫೈಲು ಇಲ್ಲದಿದ್ದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ, ಒತ್ತುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ.

ಪುಟದ ವಿಳಾಸದ ಬಗ್ಗೆ ಒಂದು ಮಾತು. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಆದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಪದ್ಧತಿಯಾದ ಯೂನಿಕೋಡ್‌ನಲ್ಲಿ, ವೆಬ್ ಬಳಸುವ ಯುಟಿಎಫ್-8 ರೂಪದಲ್ಲಿ, ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್. ಲಿಂಕನ್ನು ನಕಲು ಮಾಡಿದಾಗ ಪ್ರತಿ ಬೈಟೂ ಮೂರು ಚಿಹ್ನೆ ಆಗುತ್ತದೆ. ಅಂದರೆ ಒಂದು 'ಕ' ಒಂಬತ್ತು ಚಿಹ್ನೆ ಹಿಡಿಯುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಲಿಂಕು ಅರ್ಧ ಪರದೆ ತುಂಬುತ್ತದೆ. ವರ್ಡ್‌ಪ್ರೆಸ್ ಇನ್ನೂರು ಚಿಹ್ನೆಗೆ ವಿಳಾಸವನ್ನು ಕತ್ತರಿಸುವುದರಿಂದ ಉದ್ದದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಹಾಗಾಗಿ ಶೀರ್ಷಿಕೆ ಕನ್ನಡದಲ್ಲಿ, ವಿಳಾಸ ಇಂಗ್ಲಿಷಿನಲ್ಲಿ ಎರಡೇ ಪದ. ಒಮ್ಮೆ ಕೊಟ್ಟ ವಿಳಾಸ ಬದಲಿಸುವುದಿಲ್ಲ. ಪಠ್ಯಕ್ರಮದ ಪುಟದ ವಿಳಾಸವನ್ನು ಎಷ್ಟೋ ಕಾಲೇಜಿನವರು ತಮ್ಮ ಮೇಷ್ಟ್ರುಗಳ ಗ್ರೂಪಿನಲ್ಲಿ ಹಂಚಿಕೊಂಡಿರುತ್ತಾರೆ.

ಹೆಚ್ಚು ಸಮಯ ತಿಂದದ್ದು ಹಳೆಯ ಬರಹ. ಕಚೇರಿಯಲ್ಲಿ ಎಲ್ಲವೂ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಇತ್ತು. ಅದನ್ನು ಹಾಗೇ ತಂದು ಅಂಟಿಸಿದರೆ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಕ ಹಾಕಿ ಯೂನಿಕೋಡಿಗೆ ತಂದೆ. ಆಗ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗಿತ್ತು. 'ಮಾರ್ಗದರ್ಶಕರು' 'ಮಾಗರ್ದಶರ್ಕರು' ಆಗಿದ್ದರು. ಕಾರಣ ಅರ್ಕಾವೊತ್ತು. ಹಳೆಯ ನುಡಿಯಲ್ಲಿ ಅದನ್ನು ಕಾಗದದ ಮೇಲೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇಡುತ್ತಾರೆ. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ, 'ರ್' ಮೊದಲು ಬರಬೇಕು. ಪರಿವರ್ತಕ ಈ ಜಾಗ ಬದಲಾವಣೆಯನ್ನು ಮಾಡದೆ ಬಿಟ್ಟಿತ್ತು. ನೋಡಿದರೆ ಸಣ್ಣ ತಪ್ಪು. ಆದರೆ 'ಕರ್ನಾಟಕ' ಎಂದು ಹುಡುಕುವವರಿಗೆ ಆ ಪುಟ ಸಿಗುವುದೇ ಇಲ್ಲ. ಪದೇ ಪದೇ ಬರುವ ಪದಗಳನ್ನು ಹುಡುಕಿ-ಬದಲಿಸಿ ಸರಿ ಮಾಡಿದೆ. ಊರು, ಹೆಸರುಗಳನ್ನು ಮಾತ್ರ ಒಂದೊಂದಾಗಿ ಕಣ್ಣಿಟ್ಟು ನೋಡಬೇಕು. ಬೇರೆ ದಾರಿ ಇಲ್ಲ.

ಸೂಚನೆಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುವ ರೂಢಿ ನಮ್ಮಲ್ಲೂ ಇತ್ತು. ಅದು ಬರೀ ಚಿತ್ರ. ನಮ್ಮ ವಿಭಾಗದಲ್ಲಿ ದೃಷ್ಟಿ ಇಲ್ಲದ ಒಬ್ಬ ವಿದ್ಯಾರ್ಥಿ ಇದ್ದ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಕಂಪ್ಯೂಟರಿನಿಂದ ಕನ್ನಡ ಓದಿಸಿಕೊಳ್ಳುತ್ತಿದ್ದ. ಪರೀಕ್ಷಾ ವೇಳಾಪಟ್ಟಿಯ ಸ್ಕ್ಯಾನ್ ತೆರೆದಾಗ ಅದು ಏನೂ ಹೇಳಲಿಲ್ಲ. ಅವನು ಗೆಳೆಯನ ಹತ್ತಿರ ಓದಿಸಿಕೊಂಡ. ಅದನ್ನು ಕೇಳಿ ನನಗೆ ಬಹಳ ಸಂಕಟವಾಯಿತು. ಈಗ ಸಹಿ ಇರುವ ಪಿಡಿಎಫ್ ಹಾಕುತ್ತೇನೆ, ಅದರ ಮೇಲೆ ಅದೇ ವಿಷಯವನ್ನು ನಾಲ್ಕೈದು ಸಾಲಿನಲ್ಲಿ ಟೈಪ್ ಮಾಡಿಯೂ ಹಾಕುತ್ತೇನೆ. ಇದಕ್ಕೆ ಐದು ನಿಮಿಷ ಜಾಸ್ತಿ ಬೇಕು, ಅಷ್ಟೇ. ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಪಿಡಿಎಫ್ ಇಳಿಯದಿದ್ದರೂ ದಿನಾಂಕ ಕಾಣುತ್ತದೆ.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಭೇಟಿ ಹತ್ತಿರ ಬಂದಾಗ ಎಲ್ಲರೂ ವೆಬ್‌ಸೈಟ್ ಕೇಳುತ್ತಾರೆ. ಆಗ ರಾತ್ರಿ ಕೂತು ತುಂಬುವುದಕ್ಕಿಂತ ತಿಂಗಳಿಗೆ ಒಮ್ಮೆ ನೋಡುವುದು ಸುಲಭ. ಮೊದಲ ಶನಿವಾರ ಮಧ್ಯಾಹ್ನ ನಾನು ಮತ್ತು ಕಚೇರಿಯ ಅಕ್ಕಾರು ಕೂಡುತ್ತೇವೆ. ಗಡುವು ಮುಗಿದ ಸೂಚನೆಯನ್ನು ಮುಖಪುಟದಿಂದ ತೆಗೆದು ಹಳೆಯ ಸೂಚನೆಗಳ ಗುಂಪಿಗೆ ಸೇರಿಸುತ್ತೇವೆ. ಅಳಿಸುವುದಿಲ್ಲ. ಪ್ರತಿ ಸೂಚನೆಯ ಶೀರ್ಷಿಕೆಯಲ್ಲೇ ವರ್ಷ ಇರಬೇಕು ಎಂಬುದು ನಮ್ಮ ಕಟ್ಟುನಿಟ್ಟು. ಪ್ರತಿ ಪುಟದ ಕೊನೆಯಲ್ಲಿ 'ಪರಿಶೀಲಿಸಿದ ದಿನ' ಎಂದು ಕೈಯಾರೆ ಬರೆಯುತ್ತೇವೆ. ವರ್ಡ್‌ಪ್ರೆಸ್ ತೋರಿಸುವ 'ಕೊನೆಯ ಬದಲಾವಣೆ'ಯ ದಿನಾಂಕ ಒಂದು ಅಲ್ಪವಿರಾಮ ತಿದ್ದಿದರೂ ಬದಲಾಗುತ್ತದೆ, ಅದನ್ನು ನಂಬಿ ಪ್ರಯೋಜನವಿಲ್ಲ. ಆಮೇಲೆ ಎಲ್ಲ ಪುಟವನ್ನೂ ಅಕ್ಕಾರ ಮೊಬೈಲಿನಲ್ಲಿ ತೆರೆದು ನೋಡುತ್ತೇವೆ, ನನ್ನ ಕಂಪ್ಯೂಟರಿನಲ್ಲಿ ಅಲ್ಲ.

ಇಬ್ಬರಿಗೂ ಬೇರೆ ಬೇರೆ ಲಾಗಿನ್ ಇದೆ, ಎರಡೂ ಸಂಪಾದಕನ ಅಧಿಕಾರದ್ದು. ಅದರಿಂದ ಥೀಮ್ ಮುಟ್ಟಲು ಬರುವುದಿಲ್ಲ. ನಾನೇ ಕೇಳಿ ಹಾಗೆ ಮಾಡಿಸಿಕೊಂಡೆ. ಸಿಎಸ್ಎಸ್ ಸಾಲು ಬದಲಿಸಬೇಕಾದರೆ ಕೇಂದ್ರದವರಿಗೆ ಮೇಲ್ ಮಾಡುತ್ತೇನೆ. ಆ ಸಾಲುಗಳನ್ನೂ ಯಾವ ಪುಟ ಎಲ್ಲಿದೆ ಎಂಬುದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕಚೇರಿಯ ಕಪಾಟಿನಲ್ಲಿ ಇಟ್ಟಿದ್ದೇವೆ. ನನಗೆ ವರ್ಗವಾದರೂ ಅಕ್ಕಾರು ನಿವೃತ್ತಿಯಾದರೂ ಬಂದವರು ಅದನ್ನು ತೆರೆದರೆ ಸಾಕು.

ಪಿಎಚ್.ಡಿ. ಪ್ರಬಂಧಗಳ ಪಟ್ಟಿ ಇನ್ನೂ ಮುಗಿದಿಲ್ಲ. ನುಡಿಯಲ್ಲಿ ಇದ್ದಷ್ಟು ತಿದ್ದಿ ಹಾಕಿದ್ದೇನೆ. ಅದಕ್ಕಿಂತ ಹಿಂದಿನವು ಒಂದು ದಪ್ಪ ರಿಜಿಸ್ಟರಿನಲ್ಲಿ ಶಾಯಿಯಲ್ಲಿ ಬರೆದಿವೆ. ಈ ಶನಿವಾರ ಅದರ ಮೊದಲ ಪುಟ ಟೈಪ್ ಮಾಡಲು ಶುರು ಮಾಡುತ್ತೇವೆ.