ಒಂಟಾರಿಯೋದಲ್ಲಿ ಮನೆ ಹತ್ತಿರ ಲ್ಯಾಂಡ್‌ಫಿಲ್ ಬರ್ತಿದೆಯಾ? ಮೊದಲು ಬರೆದುಕೊಡಿ

ರಜೆಗೆ ಬಂಗಾರಪೇಟೆ ಪಕ್ಕದ ನಮ್ಮ ಊರಿಗೆ ಬಂದಿದ್ದೇನೆ. ಬಂದ ಎರಡನೇ ದಿನವೇ ಹಿಂದಿನ ಬೀದಿಯ ಅಕ್ಕ ಫೋನ್ ಹಿಡಿದುಕೊಂಡು ಬಂದರು. ಅವರ ಮಗ ಕೆನಡಾದ ಒಂಟಾರಿಯೋದಲ್ಲಿದ್ದಾನೆ. ಟೊರಾಂಟೋ ಬೆಲೆ ಕೈಗೆಟುಕದೆ, ದೂರದ ಹಳ್ಳಿಯಲ್ಲಿ ಬಾವಿ ಇರುವ ಮನೆ ಕೊಂಡಿದ್ದಾನೆ. ಈಗ ಅಲ್ಲೇ ಹತ್ತಿರ ಊರೂರ ಕಸ ತಂದು ಹೂಳುವ ಲ್ಯಾಂಡ್‌ಫಿಲ್ ಬರುತ್ತದಂತೆ. "ಅವನಿನ್ನೂ ಪಿ.ಆರ್. ಅಂತಪ್ಪಾ, ಅಲ್ಲಿ ಕಾಯಂ ಇರೋಕೆ ಅನುಮತಿ ಅಷ್ಟೇ, ಸಿಟಿಜನ್ ಆಗಿಲ್ಲ. ಬಾಯಿ ಬಿಟ್ಟರೆ ತೊಂದರೆ ಆಗಲ್ವಾ?" ಎಂದು ಕೇಳಿದರು.

ಆಗಲ್ಲ ಅಕ್ಕ, ಎಂದೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಅಲ್ಲಿರುವ ನಮ್ಮ ಕಡೆಯವರಿಗೆಲ್ಲ ಬರೆಯುತ್ತಿದ್ದೇನೆ.

ಮೊದಲು, ಅಪ್ಪಣೆ ಕೊಡುವವರು ಯಾರು? ಲ್ಯಾಂಡ್‌ಫಿಲ್‌ಗೆ ಪರವಾನಗಿ ಕೊಡುವುದು ಒಂಟಾರಿಯೋ ಪ್ರಾಂತ್ಯದ ಪರಿಸರ ಇಲಾಖೆ. ನಿಮ್ಮ ಊರಿನ ಕೌನ್ಸಿಲ್ (ನಮ್ಮ ಪಂಚಾಯಿತಿಯಂಥದ್ದು) ಅಲ್ಲ. ಆದರೆ 2020ರ ಜುಲೈನಲ್ಲಿ ಕಾನೂನು ಬದಲಾಯಿತು. ಹೊಸದಾಗಿ ದೊಡ್ಡ ಲ್ಯಾಂಡ್‌ಫಿಲ್ ಮಾಡಬೇಕಾದರೆ ಆ ಊರಿನ ಕೌನ್ಸಿಲ್ ಒಪ್ಪಬೇಕು. 3.5 ಕಿಲೋಮೀಟರ್ ಒಳಗೆ ಪಕ್ಕದ ಊರಿನ ವಸತಿ ಜಾಗವಿದ್ದರೆ ಆ ಕೌನ್ಸಿಲ್ಲೂ ಒಪ್ಪಬೇಕು. ಹಾಗಾಗಿ ಕೌನ್ಸಿಲ್ ಬಾಗಿಲಿಗೆ ಬೇಗ ಹೋಗಿ. ಕ್ಲರ್ಕ್ ಕಚೇರಿಗೆ ಫೋನ್ ಮಾಡಿ, ಮಾತಾಡಬೇಕು ಎಂದು ಹೆಸರು ಕೊಟ್ಟರೆ ಸಭೆಯಲ್ಲಿ ಕೆಲವು ನಿಮಿಷ ಕೊಡುತ್ತಾರೆ. ಓಟು ಹಾಕಲು ಪೌರತ್ವ ಬೇಕು, ಮಾತಾಡಲು ಬೇಡ.

ದೊಡ್ಡ ಲ್ಯಾಂಡ್‌ಫಿಲ್ ಎಂದರೆ 1 ಲಕ್ಷ ಘನ ಮೀಟರಿಗಿಂತ ಜಾಸ್ತಿ ಕಸ ಹಿಡಿಯುವಂಥದ್ದು. ಅದಕ್ಕೆ ಪೂರ್ತಿ ಪರಿಸರ ಅಧ್ಯಯನ ಆಗಬೇಕು. ಇದರಲ್ಲಿ ಎರಡು ಹಂತ. ಏನೇನು ಅಧ್ಯಯನ ಮಾಡುತ್ತೇವೆ, ಹೇಗೆ ಮಾಡುತ್ತೇವೆ ಎಂದು ಕಂಪನಿ ಮೊದಲು ಬರೆದುಕೊಡಬೇಕು. ಅಲ್ಲಿ ಅದನ್ನು ಟರ್ಮ್ಸ್ ಆಫ್ ರೆಫರೆನ್ಸ್ ಎನ್ನುತ್ತಾರೆ. ಅದಕ್ಕೆ ಮಂತ್ರಿ ಒಪ್ಪಿದ ಮೇಲೆ ನಿಜವಾದ ಅಧ್ಯಯನ. ತುಂಬಾ ಜನ ಮೊದಲ ಹಂತದಲ್ಲಿ ಸುಮ್ನೆ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಬಾವಿಗಳ ಲೆಕ್ಕ ಆ ಪಟ್ಟಿಗೆ ಸೇರದೇ ಹೋದರೆ ಆಮೇಲೆ ಸೇರಿಸುವುದು ಬಲು ಕಷ್ಟ.

ಇನ್ನೊಂದು ಕಡೆ ನಮ್ಮವರು ಎಡವುತ್ತಾರೆ. ನಮ್ಮಲ್ಲಿ 2006ರ ಪರಿಸರ ನಿಯಮದ ಪ್ರಕಾರ ನಡೆಯುವ ಅಹವಾಲು ಸಭೆ ನಿಮಗೆ ಗೊತ್ತು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬರುತ್ತಾರೆ, ಡಿಸಿ ಕೂರುತ್ತಾರೆ, ಊರೆಲ್ಲ ಸೇರಿ ಮೈಕಿನಲ್ಲಿ ಮಾತಾಡುತ್ತದೆ, ಹೇಳಿದ್ದು ದಾಖಲಾಗುತ್ತದೆ. ಒಂಟಾರಿಯೋದಲ್ಲಿ ಓಪನ್ ಹೌಸ್ ಎಂದು ಕಂಪನಿಯವರೇ ಕರೆಯುತ್ತಾರೆ. ಊರಿನ ಹಾಲ್‌ನಲ್ಲಿ ಬೋರ್ಡ್ ನಿಲ್ಲಿಸಿ, ಕಾಫಿ ಕೊಟ್ಟು, ನಯವಾಗಿ ವಿವರಿಸುತ್ತಾರೆ. ಅಲ್ಲಿ ಒಂದು ಗಂಟೆ ವಾದ ಮಾಡಿ ಮನೆಗೆ ಬಂದರೆ ಫೈಲಿನಲ್ಲಿ ಏನೂ ಉಳಿಯದೇ ಹೋಗಬಹುದು. ಹೇಳಿದ್ದನ್ನು ಬರೆದು ಕೊಡಿ, ಗಡುವಿನೊಳಗೆ ಇಮೇಲ್ ಮಾಡಿ, ಪ್ರತಿ ಇಟ್ಟುಕೊಳ್ಳಿ. ಇಲಾಖೆಯ ಪರಿಸರ ನೋಂದಣಿ ವೆಬ್‌ಸೈಟನ್ನೂ ವಾರಕ್ಕೊಮ್ಮೆ ನೋಡಿ. ಅಲ್ಲಿ ಯಾರು ಬೇಕಾದರೂ ಅಭಿಪ್ರಾಯ ಹಾಕಬಹುದು. "ನಮಗೆ ಬೇಡ" ಎಂದಷ್ಟೇ ಬರೆದರೆ ಸಾಲದು. ಬಾವಿ ಎಷ್ಟು ಆಳ, ಜಾಗದಿಂದ ಎಷ್ಟು ದೂರ, ನೆಲದ ಇಳಿಜಾರು ಯಾವ ಕಡೆ, ಲಾರಿಗಳು ಶಾಲಾ ಬಸ್ಸಿನ ದಾರಿಗೆ ಎಲ್ಲಿ ಅಡ್ಡ ಬರುತ್ತವೆ, ಇಷ್ಟು ಬರೆಯಿರಿ. ಕಂಪನಿ ಕೇಸು ಹಾಕಿ ಬಾಯಿ ಮುಚ್ಚಿಸುತ್ತದೆ ಎಂಬ ಭಯ ಇದ್ದರೆ, ಅಂಥ ಕೇಸುಗಳನ್ನು ಬೇಗ ವಜಾ ಮಾಡಿಸಲು ಒಂಟಾರಿಯೋದಲ್ಲಿ 2015ರಿಂದ ಕಾನೂನಿದೆ.

ಬಾವಿ ನೀರನ್ನು ಈಗಲೇ ಪರೀಕ್ಷೆ ಮಾಡಿಸಿ. ಬ್ಯಾಕ್ಟೀರಿಯಾ ಪರೀಕ್ಷೆಯನ್ನು ಆರೋಗ್ಯ ಇಲಾಖೆ ಉಚಿತವಾಗಿ ಮಾಡಿಕೊಡುತ್ತದೆ. ರಾಸಾಯನಿಕಗಳಿಗೆ ಖಾಸಗಿ ಲ್ಯಾಬ್‌ಗೆ ದುಡ್ಡು ಕೊಡಬೇಕು. ಕೊಡಿ. ಕಸ ಬರುವ ಮೊದಲು ನೀರು ಹೇಗಿತ್ತು ಎಂಬ ಕಾಗದ ಕೈಯಲ್ಲಿಲ್ಲದಿದ್ದರೆ, ಮುಂದೆ ಕೆಟ್ಟಾಗ ಯಾರನ್ನು ಕೇಳುತ್ತೀರಿ? ಸಾವಿರ ಅಡಿ ಕೊರೆದರೂ ನೀರು ಕಾಣದ, ಕಂಡರೂ ಫ್ಲೋರೈಡ್ ತುಂಬಿರುವ ಜಿಲ್ಲೆಯವರು ನಾವು. ಇದನ್ನು ನಮಗೆ ಬಿಡಿಸಿ ಹೇಳಬೇಕಾ?

ಗೆದ್ದವರೂ ಇದ್ದಾರೆ. ಕರ್ಕ್‌ಲ್ಯಾಂಡ್ ಲೇಕ್ ಹತ್ತಿರ ಆಡಮ್ಸ್ ಮೈನ್ ಎಂಬ ಕಬ್ಬಿಣದ ಗಣಿ 1990ರಲ್ಲಿ ಮುಚ್ಚಿತು. ಸುಮಾರು 600 ಕಿಲೋಮೀಟರ್ ದೂರದ ಟೊರಾಂಟೋ ಕಸವನ್ನು ರೈಲಿನಲ್ಲಿ ತಂದು ಆ ಗುಂಡಿಗೆ ತುಂಬುವ ಯೋಜನೆ ಇತ್ತು. ರೈತರು, ಅಲ್ಲಿನ ಮೂಲನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು. 2004ರಲ್ಲಿ ಕಾನೂನು ಮಾಡಿಯೇ ಅದನ್ನು ನಿಲ್ಲಿಸಬೇಕಾಯಿತು. ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ಗುಡ್ಡಗಳ ಧೂಳು ಕಂಡು ಬೆಳೆದ ನನಗೆ ಆ ಕಥೆ ಓದಿದಾಗ ಮೈ ಜುಮ್ಮೆಂದಿತು. ಗಣಿ ಮುಚ್ಚಿದ ಊರು ಎಂದರೆ ಏನು ಬೇಕಾದರೂ ಸುರಿಯಬಹುದಾದ ಜಾಗ ಅಲ್ಲ. ಒಂಟಾರಿಯೋದ ಟೈನಿ ಟೌನ್‌ಶಿಪ್‌ನಲ್ಲಿ ಸೈಟ್ 41 ಎಂಬ ಲ್ಯಾಂಡ್‌ಫಿಲ್‌ಗೆ ಪರವಾನಗಿಯೇ ಸಿಕ್ಕಿತ್ತು. ಮೂಲನಿವಾಸಿ ಹೆಂಗಸರು ಜಾಗದ ಎದುರಿಗೇ ಬೀಡುಬಿಟ್ಟರು. 2009ರಲ್ಲಿ ಕೌಂಟಿ ಕೌನ್ಸಿಲ್ ಅದನ್ನು ಕೈಬಿಟ್ಟಿತು.

ಆದರೆ ಕಾನೂನನ್ನು ನಂಬಿ ಮಲಗಬೇಡಿ. ಒಂಟಾರಿಯೋದ ಡ್ರೆಸ್ಡನ್ ಎಂಬ ಊರಿನ ಲ್ಯಾಂಡ್‌ಫಿಲ್ ಯೋಜನೆಗೆ ಪೂರ್ತಿ ಪರಿಸರ ಅಧ್ಯಯನ ಆಗಲೇಬೇಕು ಎಂದು 2024ರಲ್ಲಿ ಪ್ರಾಂತ್ಯವೇ ಹೇಳಿತ್ತು. 2025ರ ಜೂನ್‌ನಲ್ಲಿ ಹೊಸ ಕಾನೂನು ತಂದು ಆ ಷರತ್ತನ್ನೇ ತೆಗೆದುಹಾಕಿತು. ಹಾಗಾಗಿ ನಿಮ್ಮ ಪ್ರಾಂತ್ಯದ ಶಾಸಕರಿಗೂ ಬರೆಯಿರಿ. ನಮ್ಮ ಕೋಲಾರದ ದಾರಿಯಲ್ಲಿ ಮಂಡೂರಿನವರು ಬೆಂಗಳೂರಿನ ಕಸದ ಲಾರಿ ತಡೆದು ನಿಂತರು, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಅಷ್ಟರಲ್ಲಿ ಕಸದ ಗುಡ್ಡ ಎದ್ದಾಗಿತ್ತು. ಒಂಟಾರಿಯೋದಲ್ಲಿ ಲಾರಿ ಬರುವುದಕ್ಕೆ ವರ್ಷಗಳ ಮೊದಲೇ ಕಾಗದ ಬರುತ್ತದೆ. ಆಗಲೇ ಎದ್ದು ನಿಲ್ಲಿ.

ಅಕ್ಕನ ಮಗ ನಿನ್ನೆ ರಾತ್ರಿ ತನ್ನ ಪತ್ರ ಕಳಿಸಿದ. ಚೆನ್ನಾಗಿದೆ. ಬಾವಿಯ ಆಳ ಮಾತ್ರ ಬರೆದಿರಲಿಲ್ಲ. ಅಳೆದು ಸೇರಿಸು, ಶುಕ್ರವಾರದೊಳಗೆ ಕಳಿಸು ಎಂದೆ.