ಕೊಲೆಗಾರನ ಪತ್ರವನ್ನು ಮೂಕರ್ಜಿಯಂತೆ ಓದಿದ್ದು: ನನ್ನ ಅನುಭವ

ಜಿಲ್ಲಾ ವರದಿಗಾರರಾಗಿ ಕೆಲಸ ಮಾಡಿದವರಿಗೆಲ್ಲ ಮೂಕರ್ಜಿಗಳ ಪರಿಚಯ ಇದ್ದೇ ಇರುತ್ತದೆ. ಸಹಿ, ವಿಳಾಸ ಯಾವುದೂ ಇಲ್ಲದೆ, ತಾಲ್ಲೂಕು ಕಚೇರಿಯ ಲಂಚದಿಂದ ಹಿಡಿದು ನೆರೆಮನೆಯವರ ನಡತೆಯವರೆಗೆ ಎಲ್ಲವನ್ನೂ ದೂರುವ ಆ ಕಾಗದಗಳನ್ನು ಓದುವುದಕ್ಕೆ ಒಂದು ಕ್ರಮವಿದೆ. ಬರೆದವನ ಸಿಟ್ಟು, ಶಾಪ, ಬೆದರಿಕೆಗಳನ್ನು ಬದಿಗಿಟ್ಟು, ಹೋಗಿ ವಿಚಾರಿಸಿ ನೋಡಬಹುದಾದ ಸಂಗತಿ ಅದರಲ್ಲಿ ಎಷ್ಟಿದೆ ಎಂಬುದನ್ನು ಮೊದಲು ಹೆಕ್ಕಬೇಕು. ಸರಣಿ ಕೊಲೆಗಾರರಿಂದ ಕೆಣಕುವ ಪತ್ರಗಳನ್ನು ಪಡೆದ ಅಮೆರಿಕದ ಪತ್ರಕರ್ತರ ಕುರಿತು ಪುರವಣಿಗೆ ಒಂದು ದೀರ್ಘ ಲೇಖನ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಈ ಕ್ರಮವನ್ನು ಬಿಟ್ಟು ಬೇರೆ ದಾರಿ ನನಗೆ ಹೊಳೆಯಲಿಲ್ಲ.

ಮೊದಲು ಕೈಗೆತ್ತಿಕೊಂಡದ್ದು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ 1968 ಮತ್ತು 1969ರಲ್ಲಿ ಕೊಲೆಗಳನ್ನು ಮಾಡಿ, ತನ್ನನ್ನು ‘ಜೋಡಿಯಾಕ್’ ಎಂದು ಕರೆದುಕೊಂಡವನ ಪತ್ರಗಳನ್ನು. ಅವನ ಮೇಲೆ ಬಂದಿರುವ ಬರಹಗಳಿಗೆ ಲೆಕ್ಕವಿಲ್ಲ, ಅವುಗಳಲ್ಲಿ ಅರ್ಧಕ್ಕರ್ಧ ಊಹೆ. ಆದ್ದರಿಂದ ಎಫ್‌ಬಿಐ ತನ್ನ ಜಾಲತಾಣದಲ್ಲಿ ಸಾರ್ವಜನಿಕಗೊಳಿಸಿರುವ ಕಡತಗಳನ್ನೂ ಪತ್ರಗಳ ಛಾಯಾಪ್ರತಿಗಳನ್ನೂ ಎದುರಿಗಿಟ್ಟುಕೊಂಡು, ಉದ್ದನೆಯ ರಿಜಿಸ್ಟರಿನಲ್ಲಿ ಮೂರು ಕಾಲಂ ಎಳೆದುಕೊಂಡೆ. ಬರೆದವನಿಗೂ ಪೊಲೀಸರಿಗೂ ಮಾತ್ರ ಗೊತ್ತಿರಬಹುದಾದ ಸಂಗತಿ ಮೊದಲನೆಯದಕ್ಕೆ, ಆ ಹೊತ್ತಿಗಾಗಲೇ ಪತ್ರಿಕೆಗಳಲ್ಲಿ ಅಚ್ಚಾಗಿದ್ದದ್ದು ಎರಡನೆಯದಕ್ಕೆ, ಬರೀ ಬಡಾಯಿ ಮೂರನೆಯದಕ್ಕೆ. ಪ್ರತಿ ಪತ್ರವನ್ನೂ ವಾಕ್ಯ ವಾಕ್ಯವಾಗಿ ಬಿಡಿಸಿ ಈ ಮೂರರಲ್ಲಿ ಒಂದಕ್ಕೆ ಹಾಕುತ್ತಾ ಹೋದೆ.

ಮೊದಲ ಪತ್ರಗಳು 1969ರ ಆಗಸ್ಟ್ 1ರಂದು ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್, ಸ್ಯಾನ್ ಫ್ರಾನ್ಸಿಸ್ಕೊ ಎಕ್ಸಾಮಿನರ್ ಮತ್ತು ವಲೆಹೊ ಟೈಮ್ಸ್-ಹೆರಾಲ್ಡ್ ಪತ್ರಿಕೆಗಳಿಗೆ ತಲುಪಿದವು. ಒಂದೊಂದು ಪತ್ರದ ಜೊತೆಗೂ 408 ಚಿಹ್ನೆಗಳ ಒಂದು ಗುಪ್ತಲಿಪಿಯ ಮೂರನೇ ಒಂದು ಭಾಗವಿತ್ತು. ಅದನ್ನು ಅದೇ ದಿನ ಮುಖಪುಟದಲ್ಲಿ ಪ್ರಕಟಿಸದಿದ್ದರೆ ವಾರಾಂತ್ಯದಲ್ಲಿ ಒಂಟಿಯಾಗಿ ಸಿಕ್ಕವರನ್ನೆಲ್ಲ, ಹನ್ನೆರಡಕ್ಕೂ ಹೆಚ್ಚು ಜನರನ್ನು, ಕೊಲ್ಲುವುದಾಗಿ ಬೆದರಿಕೆಯಿತ್ತು. ಪತ್ರದ ಈ ಭಾಗವನ್ನೇ ಎಲ್ಲರೂ ಉದ್ಧರಿಸುತ್ತಾರೆ. ನನ್ನ ರಿಜಿಸ್ಟರಿನಲ್ಲಿ ಇದು ಮೂರನೆಯ ಕಾಲಂಗೆ ಹೋಯಿತು. ಮೊದಲನೆಯ ಕಾಲಂಗೆ ಹೋದವು ಯಾರೂ ಉದ್ಧರಿಸದ ಒಣ ಸಾಲುಗಳು: 1968ರಲ್ಲಿ ಒಬ್ಬ ಹುಡುಗ ಮತ್ತು ಹುಡುಗಿಯ ಕೊಲೆ ನಡೆದ ಲೇಕ್ ಹರ್ಮನ್ ರಸ್ತೆಯಲ್ಲಿ ಹತ್ತು ಗುಂಡು ಹಾರಿದ್ದು, ಬಳಸಿದ ಗುಂಡಿನ ಬ್ರಾಂಡು, ಹುಡುಗನೂ ಹುಡುಗಿಯೂ ಯಾವ ಮಗ್ಗುಲಿಗೆ ಬಿದ್ದಿದ್ದರು, ಯಾರ ಕಾಲು ಯಾವ ಕಡೆಗಿತ್ತು ಎಂಬುದು. ಪತ್ರವನ್ನು ಬರೆದವನು ನಿಜವಾಗಿ ಅಲ್ಲಿದ್ದನೆಂದು ಸೂಚಿಸುವುದು ಇಂಥ ಸಾಲುಗಳೇ ಹೊರತು ಹನ್ನೆರಡು ಜನರ ಮಾತಲ್ಲ.

ಆ ಶುಕ್ರವಾರ ಕ್ರಾನಿಕಲ್ ಪತ್ರಿಕೆಯ ಸಂಪಾದಕೀಯ ಮೇಜಿನ ಮೇಲಿದ್ದ ಪ್ರಶ್ನೆಯನ್ನು ನಾನು ಲೇಖನದ ನಡುಮಧ್ಯಕ್ಕೆ ತಂದೆ. ಹಾಕದಿದ್ದರೆ ಹೆಣ ಬೀಳಬಹುದು, ಹಾಕಿದರೆ ಮುಂದಿನ ಪತ್ರಕ್ಕೆ ನಾವೇ ಆಹ್ವಾನ ಕೊಟ್ಟಂತಾಗುತ್ತದೆ. ಕ್ರಾನಿಕಲ್ ತನ್ನ ಪಾಲಿನ ಲಿಪಿಯನ್ನು ಮರುದಿನ, ಅಂದರೆ ಗಡುವು ಮೀರಿದ ಮೇಲೆ, ನಾಲ್ಕನೆಯ ಪುಟದಲ್ಲಿ ಹಾಕಿತು. ಜೊತೆಗೆ, ಪತ್ರವನ್ನು ಕೊಲೆಗಾರನೇ ಬರೆದದ್ದೆಂದು ತನಗೆ ಖಾತ್ರಿಯಿಲ್ಲ, ಹೆಚ್ಚಿನ ವಿವರಗಳೊಂದಿಗೆ ಇನ್ನೊಂದು ಪತ್ರ ಬರೆಯಲಿ ಎಂಬ ವಲೆಹೊ ಪೊಲೀಸ್ ಮುಖ್ಯಸ್ಥರ ಮಾತೂ ಅಚ್ಚಾಯಿತು. ಬೆದರಿಸಿದಂತೆ ಆ ವಾರಾಂತ್ಯ ಸಾಮೂಹಿಕ ಹತ್ಯೆ ನಡೆಯಲಿಲ್ಲ. ಕೆಲವೇ ದಿನಗಳಲ್ಲಿ ಎಕ್ಸಾಮಿನರ್‌ಗೆ ಎರಡನೆಯ ಪತ್ರ ಬಂತು, ‘ಜೋಡಿಯಾಕ್’ ಎಂಬ ಹೆಸರು ಮೊದಲು ಕಾಣಿಸಿದ್ದು ಅದರಲ್ಲೇ. ನಾಲ್ಕನೆಯ ಪುಟ ಎಂಬ ಆಯ್ಕೆ ಬಹಳ ವಿವೇಕದ್ದೆಂದು ನನಗೆ ಈಗಲೂ ಅನ್ನಿಸುತ್ತದೆ. ಓದುಗರಿಗೆ ಲಿಪಿ ಸಿಕ್ಕಿತು, ಕೇಳಿದವನಿಗೆ ಮುಖಪುಟ ಸಿಗಲಿಲ್ಲ.

ಓದುಗರಿಗೆ ಲಿಪಿ ಸಿಕ್ಕಿದ್ದರಿಂದ ಆದ ಪ್ರಯೋಜನವನ್ನು ವಿವರಿಸದೆ ಮುಂದೆ ಹೋಗುವಂತಿರಲಿಲ್ಲ. ಸಲಿನಾಸ್ ಊರಿನ ಶಾಲಾ ಶಿಕ್ಷಕ ಡೊನಾಲ್ಡ್ ಹಾರ್ಡೆನ್ ಮತ್ತು ಅವರ ಪತ್ನಿ ಬೆಟೀ ಹಾರ್ಡೆನ್ ಒಂದು ವಾರದ ಒಳಗೇ ಮೂರೂ ಭಾಗಗಳನ್ನು ಬಿಡಿಸಿದರು. ಅದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ನಾನೂ ಮೊದಲ ಸಾಲಿನ ಹದಿನೇಳು ಚಿಹ್ನೆಗಳನ್ನು ಚೌಕುಳಿ ಹಾಳೆಗೆ ಇಳಿಸಿಕೊಂಡು, ಗೊತ್ತಿದ್ದ ಉತ್ತರವನ್ನು ಕೆಳಗೆ ಬರೆದು ಹೊಂದಿಸಿ ನೋಡಿದೆ. ಇಂಗ್ಲಿಷಿನ ‘ಐ’ ಅಕ್ಷರ ಆ ಒಂದೇ ಸಾಲಿನಲ್ಲಿ ನಾಲ್ಕು ಸಲ ಬರುತ್ತದೆ. ನಾಲ್ಕು ಸಲಕ್ಕೂ ಬೇರೆ ಬೇರೆ ಚಿಹ್ನೆ, ಒಮ್ಮೆ ತ್ರಿಕೋನವಾದರೆ ಇನ್ನೊಮ್ಮೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ ‘ಕೆ’. ಹೆಚ್ಚು ಬಳಕೆಯ ಅಕ್ಷರಕ್ಕೆ ಹೆಚ್ಚು ಚಿಹ್ನೆ ಕೊಟ್ಟರೆ, ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸಿ ಹಿಡಿಯುವ ಉಪಾಯ ಕೆಲಸ ಮಾಡುವುದಿಲ್ಲ. ಆದರೆ ‘ಕೆ’ ಅಕ್ಷರಕ್ಕೆ ಅವನು ಒಂದೇ ಒಂದು ಓರೆಗೆರೆ ಕೊಟ್ಟಿದ್ದ. ಬೆಟೀ ಹಾರ್ಡೆನ್ ಅವರು ಎಣಿಕೆಗಿಂತ ಮನುಷ್ಯನ ಸ್ವಭಾವವನ್ನು ನಂಬಿದರು. ಇಂಥ ಅಹಂಕಾರಿ ‘ನಾನು’ ಎಂದೇ ಆರಂಭಿಸುತ್ತಾನೆ, ಕೊಲ್ಲುವ ಮಾತು ಬಂದೇ ಬರುತ್ತದೆ ಎಂದು ಹಿಡಿದರು, ಎರಡೂ ಸರಿಯಾದವು. ತನ್ನ ಗುರುತು ಲಿಪಿಯಲ್ಲಿದೆ ಎಂದು ಪತ್ರದಲ್ಲಿ ಹೇಳಿಕೊಂಡವನು ಲಿಪಿಯೊಳಗೆ ಹೆಸರು ಹೇಳುವುದಿಲ್ಲ ಎಂದು ಬರೆದಿದ್ದ. ನನ್ನ ಮೂರನೆಯ ಕಾಲಂ ಮತ್ತೊಂದು ಸಾಲು ಬೆಳೆಯಿತು.

ಅಕ್ಟೋಬರಿನಲ್ಲಿ ಟ್ಯಾಕ್ಸಿ ಚಾಲಕನೊಬ್ಬನ ಕೊಲೆಯ ಬೆನ್ನಿಗೇ ಕ್ರಾನಿಕಲ್‌ಗೆ ಬಂದ ಲಕೋಟೆಯಲ್ಲಿ ಸತ್ತವನ ರಕ್ತಸಿಕ್ತ ಅಂಗಿಯ ತುಂಡಿತ್ತು, ಅದಕ್ಕಿಂತ ಮಿಗಿಲಾದ ಪುರಾವೆ ಬೇಕಿಲ್ಲ. ಅದೇ ಪತ್ರದಲ್ಲಿ ಶಾಲಾ ಬಸ್ಸಿನ ಚಕ್ರಕ್ಕೆ ಗುಂಡು ಹೊಡೆದು ಇಳಿಯುವ ಮಕ್ಕಳನ್ನು ಕೊಲ್ಲುವ ಮಾತೂ ಇತ್ತು. ಅದು ಎಂದೂ ನಡೆಯಲಿಲ್ಲ. ಒಂದೇ ಹಾಳೆಯಲ್ಲಿ ನೂರಕ್ಕೆ ನೂರು ನಿಜವೂ ಪೂರಾ ಪೊಳ್ಳೂ ಇರಬಲ್ಲವು ಎಂಬುದಕ್ಕೆ ನಾನು ಲೇಖನದಲ್ಲಿ ಕೊಟ್ಟ ಉದಾಹರಣೆ ಇದು.

ಇಷ್ಟು ಹೊತ್ತಿಗೆ ಈ ಸುದ್ದಿಯ ಬೆನ್ನು ಹತ್ತಿದ್ದವರು ಕ್ರಾನಿಕಲ್ ವರದಿಗಾರ ಪಾಲ್ ಏವರಿ. 1970ರ ಅಕ್ಟೋಬರ್ ಕೊನೆಯಲ್ಲಿ ಅವರ ಹೆಸರಿಗೇ ಒಂದು ಹ್ಯಾಲೋವೀನ್ ಕಾರ್ಡು ಬಂತು, ಹೆಸರಿನ ಕಾಗುಣಿತ ತಪ್ಪಾಗಿತ್ತು, ಒಳಗೆ ನಿನ್ನ ಕಥೆ ಮುಗಿಯಿತು ಎಂಬರ್ಥದ ಸಾಲಿತ್ತು. ಸಹೋದ್ಯೋಗಿಗಳು ‘ನಾನು ಪಾಲ್ ಏವರಿ ಅಲ್ಲ’ ಎಂಬ ಬಿಲ್ಲೆ ಧರಿಸಿ ಓಡಾಡಿದರಂತೆ. ಸುದ್ದಿಮನೆಯ ಹಾಸ್ಯ ಎಲ್ಲಾ ದೇಶದಲ್ಲೂ ಒಂದೇ ಜಾತಿಯದು. ಆ ಕಾರ್ಡಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಬೆನ್ನಿಗೇ ಏವರಿಯವರಿಗೆ ಸಿಕ್ಕ ಒಂದು ಅನಾಮಧೇಯ ಸುಳಿವು, ಅಂದರೆ ಅಪ್ಪಟ ಮೂಕರ್ಜಿ. ದಕ್ಷಿಣ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ 1966ರಲ್ಲಿ ನಡೆದ ವಿದ್ಯಾರ್ಥಿನಿಯೊಬ್ಬಳ ಕೊಲೆಯನ್ನೂ ನೋಡಿ ಎಂದು ಅದು ಹೇಳಿತು. ಏವರಿ ವಿಚಾರಿಸಿ ನವೆಂಬರಿನಲ್ಲಿ ಅದನ್ನು ಜೋಡಿಯಾಕ್‌ಗೆ ಜೋಡಿಸಿ ವರದಿ ಮಾಡಿದರು. 1971ರ ಮಾರ್ಚಿನಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ಗೆ ಬಂದ ಪತ್ರದಲ್ಲಿ ಅವನು ರಿವರ್‌ಸೈಡ್ ತನ್ನದೇ ಎಂದು ಒಪ್ಪಿಕೊಂಡ. ಬಹಳ ಬರಹಗಾರರು ಇದನ್ನು ತಪ್ಪೊಪ್ಪಿಗೆ ಎಂದೇ ಎಣಿಸುತ್ತಾರೆ. ನನ್ನ ಲೆಕ್ಕದಲ್ಲಿ ಅದು ಎರಡನೆಯ ಕಾಲಮ್ಮಿನದು: ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಹೌದೆನ್ನುವುದಕ್ಕೆ ಕೊಲೆಗಾರನೇ ಆಗಿರಬೇಕಿಲ್ಲ, ಕೊಲೆಗಾರನೇ ಆದರೂ ಆ ಕೊಲೆ ಮಾಡಿರಬೇಕಿಲ್ಲ. ಆ ಪ್ರಕರಣದಲ್ಲಿ 1967ರಲ್ಲಿ ಬಂದಿದ್ದ ಕೈಬರಹದ ಪತ್ರಗಳು ಹುಡುಗಾಟಕ್ಕೆ ಯಾರೋ ಬರೆದವೆಂದು, ಬರೆದವರೇ ಒಪ್ಪಿಕೊಂಡಿದ್ದಾರೆಂದು ರಿವರ್‌ಸೈಡ್ ಪೊಲೀಸರು 2021ರಲ್ಲಿ ಪ್ರಕಟಿಸಿದರು. 1974ರ ಪತ್ರದಲ್ಲಿ ಜೋಡಿಯಾಕ್ ತಾನು ಕೊಂದವರ ಲೆಕ್ಕವೆಂದು ಕ್ರಿಕೆಟ್ ಸ್ಕೋರಿನಂತೆ ಕೊಟ್ಟ 37 ಎಂಬ ಸಂಖ್ಯೆಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಪೊಲೀಸರು ಖಚಿತಪಡಿಸಿದ್ದು ಐವರ ಸಾವು ಮತ್ತು ಇಬ್ಬರು ಬದುಕುಳಿದದ್ದು.

ನ್ಯೂಯಾರ್ಕಿನ ಡೈಲಿ ನ್ಯೂಸ್ ಅಂಕಣಕಾರ ಜಿಮ್ಮಿ ಬ್ರೆಸ್ಲಿನ್ ಅವರಿಗೆ 1977ರಲ್ಲಿ ಆ ನಗರದ ಸರಣಿ ಕೊಲೆಗಾರನಿಂದ ‘ಸನ್ ಆಫ್ ಸ್ಯಾಮ್’ ಹೆಸರಿನಲ್ಲಿ ಬಂದ ಪತ್ರಕ್ಕೆ ಲೇಖನದಲ್ಲಿ ಕಡಿಮೆ ಜಾಗ ಕೊಟ್ಟೆ. ಬ್ರೆಸ್ಲಿನ್ ಅದನ್ನು ಪೊಲೀಸರಿಗೆ ಒಪ್ಪಿಸಿ, ಅವರ ಕೋರಿಕೆಯಂತೆ ಕೆಲವು ಭಾಗಗಳನ್ನು ತಡೆಹಿಡಿದು, ಶರಣಾಗು ಎಂದು ಕೊಲೆಗಾರನಿಗೆ ಅಂಕಣದಲ್ಲೇ ಹೇಳಿ ಜೂನ್ 5ರಂದು ಪ್ರಕಟಿಸಿದರು. ಅಂದಿನ ಸಂಚಿಕೆ 11 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅಲ್ಲಿಯವರೆಗೆ ಎಲ್ಲವೂ ಸರಿ. ಜುಲೈ 29ಕ್ಕೆ ಏನು ಬೇಕು ಎಂದು ಪತ್ರದಲ್ಲಿ ಅವನು ಕೆಣಕಿದ್ದ, ಅದು ಅವನ ಮೊದಲ ಕೊಲೆಯ ವಾರ್ಷಿಕ ದಿನ. ಆ ದಿನ ಹತ್ತಿರವಾದಂತೆ ಬ್ರೆಸ್ಲಿನ್ ಅದೇ ದಿನಾಂಕದ ಸುತ್ತ ಮತ್ತೊಂದು ಅಂಕಣ ಬರೆದರು, ಅದಕ್ಕೆ ಟೀಕೆಯೂ ಬಂತು. ಟೀಕೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಇಷ್ಟೆಲ್ಲ ಆಗಿ ಡೇವಿಡ್ ಬರ್ಕೊವಿಟ್ಜ್ ಆಗಸ್ಟ್ 10ರಂದು ಸಿಕ್ಕಿಬಿದ್ದದ್ದು ಪತ್ರದಿಂದಲ್ಲ, ಕೊನೆಯ ದಾಳಿಯ ಜಾಗದ ಹತ್ತಿರ ಅವನ ಕಾರಿಗೆ ಅಂಟಿಸಿದ್ದ ಪಾರ್ಕಿಂಗ್ ದಂಡದ ಚೀಟಿಯಿಂದ.

ಪತ್ರದಿಂದಲೇ ಕೊಲೆಗಾರ ಸಿಕ್ಕಿಬಿದ್ದ ಪ್ರಸಂಗ ಕಾನ್ಸಸ್ ರಾಜ್ಯದ ವಿಚಿಟಾ ನಗರದ್ದು. ತನ್ನನ್ನು ‘ಬಿಟಿಕೆ’ (ಕಟ್ಟಿಹಾಕು, ಹಿಂಸಿಸು, ಕೊಲ್ಲು ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳು) ಎಂದು ಕರೆದುಕೊಂಡವನು 1978ರ ಆರಂಭದಲ್ಲಿ ವಿಚಿಟಾ ಈಗಲ್ ಪತ್ರಿಕೆಗೆ ಕಾರ್ಡಿನ ಮೇಲೆ ಒಂದು ಪದ್ಯ ಕಳುಹಿಸಿದ. ಪತ್ರಿಕೆಯವರು ಅದನ್ನು ಪ್ರೇಮಿಗಳ ದಿನದ ಶುಭಾಶಯವೆಂದು ತಿಳಿದು ವರ್ಗೀಕೃತ ಜಾಹೀರಾತು ವಿಭಾಗಕ್ಕೆ ಕಳುಹಿಸಿಬಿಟ್ಟರು. ಸಿಟ್ಟಾದ ಅವನು ಫೆಬ್ರವರಿಯಲ್ಲಿ ಕೇಕ್ ಟಿವಿ ವಾಹಿನಿಗೆ ಬರೆದು, ಪತ್ರಿಕೆಯಲ್ಲಿ ಹೆಸರು ಬರಬೇಕಾದರೆ ಇನ್ನೆಷ್ಟು ಜನರನ್ನು ಕೊಲ್ಲಬೇಕು ಎಂದು ಕೇಳಿದ. ಅವನಿಗೆ ಬೇಕಾಗಿದ್ದದ್ದು ಏನೆಂದು ಅವನೇ ಬಾಯಿಬಿಟ್ಟ ಈ ಸಾಲನ್ನು ಮಾತ್ರ ನಾನು ಲೇಖನದಲ್ಲಿ ದೊಡ್ಡದಾಗಿ ಹಾಕಿಸಿದೆ. ಮೊದಲ ಕೊಲೆಗಳಿಗೆ ಮೂವತ್ತು ವರ್ಷ ತುಂಬಿದ 2004ರ ಜನವರಿಯಲ್ಲಿ ಈಗಲ್ ವರದಿಗಾರ ಹರ್ಸ್ಟ್ ಲಾವಿಯಾನಾ ಬರೆದ ವರದಿಯ ನಂತರ, ಮಾರ್ಚಿನಲ್ಲಿ ಪತ್ರಗಳು ಮತ್ತೆ ಶುರುವಾದವು. ಫ್ಲಾಪಿ ಕಳುಹಿಸಿದರೆ ಪತ್ತೆ ಮಾಡಲು ಸಾಧ್ಯವೇ ಎಂದು ಅವನು ಪೊಲೀಸರನ್ನೇ ಕೇಳಿ, ಉತ್ತರವನ್ನು ಈಗಲ್ ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಕೊಡಿ ಎಂದ. ಏನೂ ತೊಂದರೆಯಿಲ್ಲ ಎಂಬ ಜಾಹೀರಾತು ಪ್ರಕಟವಾಯಿತು. 2005ರ ಫೆಬ್ರವರಿಯಲ್ಲಿ ಟಿವಿ ವಾಹಿನಿಯೊಂದಕ್ಕೆ ತಲುಪಿದ ಫ್ಲಾಪಿಯಲ್ಲಿ, ಅಳಿಸಿಹಾಕಿದ್ದ ಕಡತದ ವಿವರಗಳಲ್ಲಿ, ‘ಡೆನಿಸ್’ ಎಂಬ ಹೆಸರೂ ಒಂದು ಚರ್ಚಿನ ಹೆಸರೂ ಉಳಿದಿದ್ದವು. ಡೆನಿಸ್ ರೇಡರ್ ಆ ತಿಂಗಳೇ ಬಂಧಿತನಾದ.

ಪತ್ರಿಕೆಯೊಂದು ಸುಳ್ಳು ಉತ್ತರವನ್ನು ಅಚ್ಚು ಮಾಡಿದ್ದು ಸರಿಯೇ ಎಂದು ನಮ್ಮ ಡೆಸ್ಕಿನಲ್ಲಿ ಜೋರು ಚರ್ಚೆ ನಡೆಯಿತು. ಅದು ಜಾಹೀರಾತಿನ ಕಾಲಮ್ಮಿನಲ್ಲಿ ಬಂದದ್ದರಿಂದ ನನಗೆ ಒಪ್ಪಿಗೆ, ಅದೇ ಮಾತನ್ನು ಪೊಲೀಸರು ಸುದ್ದಿಯ ವೇಷದಲ್ಲಿ ಹಾಕಿಸಿದ್ದರೆ ಒಪ್ಪಿಗೆಯಿಲ್ಲ ಎಂದು ವಾದಿಸಿ, ಲೇಖನದಲ್ಲೂ ಹಾಗೆಯೇ ಬರೆದೆ.

ಪುಟ ವಿನ್ಯಾಸದವರು ಜೋಡಿಯಾಕ್‌ನ ವೃತ್ತ ಮತ್ತು ಅಡ್ಡಗೆರೆಗಳ ಚಿಹ್ನೆಯನ್ನು ಮುಖಪುಟಕ್ಕೆ ಕೇಳಿದರು. ಅವನು ತನ್ನ ಹೆಸರಿಗೆ ಬದಲಾಗಿ ಬಳಸುತ್ತಿದ್ದ ಸಹಿಯದು, ಕೊಡಲಿಲ್ಲ. ಬದಲಿಗೆ ಹಾರ್ಡೆನ್ ದಂಪತಿ ಬಿಡಿಸಿದ ಲಿಪಿಯ ಮೊದಲ ಸಾಲನ್ನು, ಪ್ರತಿ ಚಿಹ್ನೆಯ ಕೆಳಗೆ ಅದರ ಅಕ್ಷರವನ್ನೂ ಹಾಕಿ, ಒಳಪುಟದಲ್ಲಿ ಕೊಟ್ಟೆವು. ಕೊಲೆಗಾರ ಹೇಳಿಕೊಂಡ ಸಂಖ್ಯೆ ಬಂದ ಕಡೆಯಲ್ಲೆಲ್ಲ ಪೊಲೀಸರು ಖಚಿತಪಡಿಸಿದ ಸಂಖ್ಯೆಯೂ ಅದೇ ವಾಕ್ಯದಲ್ಲಿ ಇರಬೇಕೆಂದು ಕರಡು ತಿದ್ದುವವರಿಗೆ ಬರೆದುಕೊಟ್ಟಿದ್ದೆ. ಅವರು ಅದನ್ನು ಚಿತ್ರಗಳ ಅಡಿಬರಹಗಳಲ್ಲೂ ಪಾಲಿಸಿದರು.